ನಿಲ್ಲೂ ಹಂಗ ಮಾಡು

ಗಾಡಿ ಹತ್ತು ತಿಂಗಳಿಂದ ತಾಡಪತ್ರಿಯ ಹೊದಿಕೆಯ ಕೆಳಗೆ ನಿಂತಿತ್ತು. ಪುಣೆಯ ಮಾರ್ಕೆಟ್ ಯಾರ್ಡಿನ ಬೆನ್ನಿಗಿರುವ ಓಣಿಯಲ್ಲಿ ಮಾಂತುನ ಮನೆ. ಮನೆಯ ಮುಂದೆ ಶಹಾಬಾದ ಕಲ್ಲು ಹಾಸಿದ ಅಂಗಳ. ಅಂಗಳದ ಅರ್ಧ ಆ ಗಾಡಿಗೇ. ಬೆಳಿಗ್ಗೆ ಬೆಲ್ಲದ ಅಂಗಡಿಗೆ ಹೊರಟಾಗ ಅದರ ಪಕ್ಕ ಮೈ ಓರೆ ಮಾಡಿ ಹಾಯಬೇಕು, ಸಂಜೆ ಬಂದಾಗ ಮತ್ತೆ ಹಾಯಬೇಕು. ಮಾಂತು ಹಾಯುತ್ತಿದ್ದ, ಕಂಬದ ಪಕ್ಕ ಹಾದಂತೆ. ಉಂಡರೆ ಉಂಡಂತಾಗುತ್ತಿರಲಿಲ್ಲ, ಮಲಗಿದರೆ ಮಲಗಿದಂತಾಗುತ್ತಿರಲಿಲ್ಲ. ಅಳುವಂತೂ ಒಂದು ದಿನವೂ ಬಂದಿರಲಿಲ್ಲ. ಅಣ್ಣನಿಗೆ ಮಣ್ಣು ಕೊಟ್ಟ ದಿನವೂ ಬಂದಿರಲಿಲ್ಲ.

ಎರಡು ಸಾವಿರದ ಎರಡನೆಯ ಇಸವಿಯ ಶ್ರಾವಣ. ಮೊದಲ ಸೋಮವಾರ ಪೂಜೆ ಮುಗಿಸಿ ಹೊರಬಂದ ವೈನಿ, ಅಣ್ಣನ ಹೆಂಡತಿ ಶಿವಬಸವ್ವ, ತಾಡಪತ್ರಿಯ ಒಂದು ಮೂಲೆಯನ್ನು ಎತ್ತಿ ನೋಡಿದಳು. ಮತ್ತೆ ಇಳಿಬಿಟ್ಟಳು. ಆ ವಾರವೇ ಮುಂಬಯಿಯ ಯಾರೋ ಸಿನೆಮಾದವರು ಗಾಡಿಯನ್ನು ಕೇಳಿಕೊಂಡು ಬಂದು ಹೋಗಿದ್ದರು. ಕೊಟ್ಟುಬಿಡೋಣವೇ ಎಂದು ಮಾಂತು ಕೇಳಿದ. ಯಾವುದಾದರೂ ಆದೀತು ಎಂಬ ದನಿ ಅವನದು.

"ಮಾರಬ್ಯಾಡ ಮಾಂತು," ಅಂದಳು ವೈನಿ. "ನಿಲ್ಲೂ ಹಂಗ ಮಾಡು."

ಅಷ್ಟೇ ಅಂದು ಒಳಗೆ ಹೋದಳು.

ಆ ಗಾಡಿ ಈ ಮನೆಗೆ ಬಂದದ್ದೇ ಒಂದು ಪುರಾಣ. ಬೆಲ್ಲದ ವ್ಯಾಪಾರದ ಸಿದ್ದಲಿಂಗಪ್ಪ, ಅಂದರೆ ಮಾಂತುನ ಅಣ್ಣ, ತೊಂಬತ್ತೊಂದರಲ್ಲಿ ಲೋಣಾವಳಾದ ಮುದುಕ ಪಾರ್ಸಿಯೊಬ್ಬನ ಬಂಗಲೆಗೆ ಬೆಲ್ಲ ಕೊಡಲು ಹೋದವನು ಗಾಡಿ ಹೊಡೆದುಕೊಂಡು ಬಂದಿದ್ದ. ಅರವತ್ತೈದರ ಅಮೇರಿಕದ ಗಾಡಿ. ಎರಡೇ ಬಾಗಿಲು, ಎಂಟು ಸಿಲಿಂಡರ್, ಎಡಕ್ಕೆ ಸ್ಟೇರಿಂಗ್, ಕಡುಹಸಿರು ಬಣ್ಣ. ಶುರು ಮಾಡಿದರೆ ಕಟ್ಟಿದ ಹೋರಿ ಗುಟುರು ಹಾಕಿದಂತೆ ಓಣಿಯ ಕಿಟಕಿಗಳೆಲ್ಲ ಗದಗದ ನಡುಗಬೇಕು. ಧೋತರದ ಮೇಲೆ ಕೋಟು, ಹಣೆಯ ತುಂಬ ವಿಭೂತಿ, ಕೈಯಲ್ಲಿ ಆ ದೊಡ್ಡ ಚಕ್ರ. ಹೀಗೆ ಸಿದ್ದಲಿಂಗಪ್ಪ ದಿನಾ ಅದರಲ್ಲೇ ಅಂಗಡಿಗೆ ಹೋಗುತ್ತಿದ್ದ, ನಡೆದು ಹೋದರೆ ಹತ್ತು ಮಿನಿಟಿನ ದಾರಿಗೆ. ಹಮಾಲರು ಅದಕ್ಕೆ ಬೆಲ್ಲದ ವಿಮಾನ ಎಂದು ಹೆಸರಿಟ್ಟಿದ್ದರು. ಸಿದ್ದಲಿಂಗಪ್ಪ ಅವರ ಜೊತೆ ತಾನೂ ನಗುತ್ತಿದ್ದ. ಅದರ ಓಟಕ್ಕೆ ತಕ್ಕ ಬ್ರೇಕು ಅದಕ್ಕಿರಲಿಲ್ಲ. ನಾಲ್ಕೂ ಗಾಲಿಗೆ ಹಳೆಯ ಕಾಲದ ಡ್ರಮ್ಮು. ಸಣ್ಣ ದಾರಿಗೆ ನಡೆದೀತು, ಇಳಿಜಾರಿನಲ್ಲಿ ಕಾದು ಕೈಕೊಟ್ಟೀತು ಎಂದು ಅವನಿಗೂ ಗೊತ್ತಿತ್ತು. ಘಾಟಿನಲ್ಲಿ ಅವನು ಎತ್ತು ಇಳಿಸಿದಂತೆ ಇಳಿಸುತ್ತಿದ್ದ, ಎರಡನೆಯ ಗೇರಿನಲ್ಲಿ, ಬಾಯಲ್ಲಿ ಯಾವುದಾದರೊಂದು ಪದ ಗುನುಗುತ್ತ.

ಹೋದ ವರ್ಷದ ದಸರೆಯಂದು ಜೇಜುರಿಯ ಗುಡಿಗೆ ಹೋಗಿ ಬರುವಾಗ ಅಣ್ಣನಿಗೆ ಕಣ್ಣು ಎಳೆಯುತ್ತಿತ್ತು. ದಿವೆ ಘಾಟಿನ ನೆತ್ತಿಯಲ್ಲಿ ಚಕ್ರವನ್ನು ತಮ್ಮನಿಗೆ ಕೊಟ್ಟು ತಾನು ಬಲಗಡೆ ಕೂತ. ಮೂರನೆಯ ತಿರುವಿನಲ್ಲಿ ಗಾಡಿ ನಿಲ್ಲಲಿಲ್ಲ. ಎಡಕ್ಕೆ ಕಣಿವೆ, ಬಲಕ್ಕೆ ಗುಡ್ಡ. ಮಾಂತು ಗುಡ್ಡಕ್ಕೆ ತಿರುವಿದ. ಗುಡ್ಡದ ಕಡೆ ಕೂತವನು ಅಣ್ಣ.

ಪೊಲೀಸರು ಬ್ರೇಕ್ ಫೇಲ್ ಎಂದು ಬರೆದುಕೊಂಡರು. ಮಂದಿ ಬೇರೆ ಬರೆದುಕೊಂಡರು. ಸೋಲಾಪುರದ ಒಂದು ಮದುವೆಯ ಪಂಕ್ತಿಯಲ್ಲಿ ದೂರದ ಮಾವನೊಬ್ಬ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, ಮಾಂತಣ್ಣ ಹೊಡೆಯುವ ಗಾಡಿಯಲ್ಲಿ ತಾನಂತೂ ವಿಮಾ ಮಾಡಿಸದೆ ಕೂಡುವುದಿಲ್ಲಪ್ಪ ಎಂದ. ನಾಲ್ಕು ಮಂದಿ ನಕ್ಕರು. ಮಾಂತುನ ಹೆಂಡತಿ ಶೈಲಾ ಎಲೆ ಬಿಟ್ಟು ಎದ್ದಳು. ಮಾಂತು ಕೂತು ಉಂಡ. ಅವನಿಗೆ ಸಿಟ್ಟು ಬರಲಿಲ್ಲ, ಯಾಕೆಂದರೆ ಮಾವ ಹೇಳಿದ್ದು ಸುಳ್ಳೆಂದು ಅವನಿಗೇ ಖಾತ್ರಿ ಇರಲಿಲ್ಲ. ಆ ತಿರುವಿನಲ್ಲಿ ಬ್ರೇಕ್ ಒತ್ತಿದ್ದೆನೋ ಇಲ್ಲವೋ, ಒತ್ತಿದರೆ ಎಷ್ಟು ಒತ್ತಿದ್ದೆನೋ, ಅವನಿಗೆ ನೆನಪಿಲ್ಲ. ರಾತ್ರಿ ಹಗಲು ಕೇಳಿಕೊಂಡರೂ ಬಲಗಾಲು ಹೇಳುವುದಿಲ್ಲ. ಕಾಲಿಗೆ ಏನೂ ಪೆಟ್ಟಾಗಿರಲಿಲ್ಲ. ಆದರೂ ಅದು ತನ್ನದಲ್ಲದ, ಯಾರೋ ಇಟ್ಟು ಹೋದ ಸಾಮಾನಿನಂತೆ ಇರುತ್ತಿತ್ತು.

ವೈನಿ ಹಾಗೆ ಹೇಳಿದ ವಾರವೇ ಗಾಡಿಯನ್ನು ಎಳೆಸಿಕೊಂಡು ನಾನಾ ಪೇಟೆಯ ಕೃಷ್ಣಾಜಿಯ ಗ್ಯಾರೇಜಿಗೆ ಮುಟ್ಟಿಸಿದರು. ಕೃಷ್ಣಾಜಿ ಮರಾಠಿ ಮಾಣೂಸ, ಅರವತ್ತರ ಹತ್ತಿರದವನು, ಅಣ್ಣನ ಕಾಲದಿಂದ ಈ ಗಾಡಿಯ ವೈದ್ಯ. ಗಾಡಿ ನಿಲ್ಲುವಂತಾಗಬೇಕೆಂದು ಮಾಂತು ಹೇಳಿದ್ದನ್ನು ಕೇಳಿ ಸುಮ್ಮನೆ ತಲೆ ಆಡಿಸಿದ. ಮುಂದಿನ ಎರಡು ಗಾಲಿಗೆ ಡ್ರಮ್ ತೆಗೆದು ಡಿಸ್ಕ್ ಹಾಕೋಣ, ಡಿಸ್ಕು ಗಾಳಿಗೆ ತೆರೆದೇ ಇರುತ್ತದೆ, ಕಾದರೂ ಬೇಗ ಆರುತ್ತದೆ. ಒಡೆದ ಜೀಪೊಂದರ ಸಾಮಾನು ತನ್ನಲ್ಲಿದೆ, ಇದಕ್ಕೆ ಕೂಡುವಂತೆ ಪಟ್ಟಿಯನ್ನು ಲೇಥಿನಲ್ಲಿ ಕಡೆಸಬೇಕು. ಮಾಸ್ಟರ್ ಸಿಲಿಂಡರ್ ಒಂದೇ ಕೋಣೆಯದು, ಅದನ್ನು ತೆಗೆದು ಎರಡು ಕೋಣೆಯದು ಹಾಕಬೇಕು, ಮುಂದಿನದು ಹೋದರೂ ಹಿಂದಿನದು ಹಿಡಿಯುವಂತೆ. ಒತ್ತುವ ಕಾಲಿಗೆ ಬಲ ಕೊಡಲು ಬೂಸ್ಟರ್ ಬೇಕು. ದಸರೆಯೊಳಗೆ ಆದೀತು ಎಂದ. ಮಾತು ಮುಗಿಸಿ ಜಾಕ್ ಹಚ್ಚಿ, ಗಾಲಿ ಬಿಚ್ಚಿ, ಮುಂದಿನ ಬಲಗಡೆಯ ಡ್ರಮ್ಮನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ಹೊರಗೆಳೆದ.

ಎಳೆದವನು ಮೂಸಿ ನೋಡಿದ. ನಂತರ ಡ್ರಮ್ಮನ್ನು ಬೆಳಕಿಗೆ ಹಿಡಿದು ಮಾಂತುನನ್ನು ಕರೆದ.

ಡ್ರಮ್ಮಿಗೆ ಒತ್ತಿ ಗಾಲಿ ಹಿಡಿಯುವ ಲೈನರ್ ಸುಟ್ಟು ಕರಿಕಾಗಿತ್ತು. ಅದರ ಮೇಲೆ ಜೇನಿನ ಬಣ್ಣದ ಅಂಟು, ಒಣಗಿ ಗಾಜಿನಂತೆ ಹೊಳೆಯುತ್ತಿತ್ತು. ಬ್ರೇಕ್ ಆಯಿಲ್ ಸೋರಿಲ್ಲ, ಬೇರಿಂಗಿನ ಗ್ರೀಸೂ ಇತ್ತ ಬಂದಿಲ್ಲ, ಎಲ್ಲ ಒಣಗಿಯೇ ಇದೆ ಎಂದು ಕೃಷ್ಣಾಜಿ ಬೆರಳಿಟ್ಟು ತೋರಿಸಿದ. ಇದು ಹೊರಗಿನಿಂದ ಬಂದ ಎಣ್ಣೆ. ವಾಸನೆ ಮಾಂತುನಿಗೂ ಬಂತು. ಔಡಲ ಎಣ್ಣೆ. ಚಿಕ್ಕಂದಿನಲ್ಲಿ ಮುಧೋಳದ ಕಡೆಯ ಊರಿನಲ್ಲಿ ಬಂಡಿಯ ಅಚ್ಚಿಗೆ ಹಾಕುತ್ತಿದ್ದ ಎಣ್ಣೆ. ಮಗುವಿನ ನೆತ್ತಿಗೆ ಒತ್ತುತ್ತಿದ್ದ ಎಣ್ಣೆ. ಆಮೇಲೆ ಅವನ ಕಣ್ಣು ಡ್ರಮ್ಮಿನ ತಳಕ್ಕೆ ಹೋಯಿತು. ಲೈನರ್ ತಾಗದ ಆ ಸಪಾಟು ಜಾಗದಲ್ಲಿ ಮೂರು ಬೆರಳಿನ ವಿಭೂತಿ ಎಳೆದದ್ದು ಎಳೆದ ಹಾಗೇ ಇತ್ತು. ಮೇಲಿನದೂ ಕೆಳಗಿನದೂ ಪೂರಾ, ನಡುವಿನ ಗೆರೆ ಮಾತ್ರ ಅರ್ಧಕ್ಕೇ ನಿಂತಿತ್ತು.

ಹುಡುಗಿಯಾಗಿದ್ದಾಗ ಗಾಣದ ಮನೆಯಲ್ಲಿ ಕೊಪ್ಪರಿಗೆ ತಾಗಿ ವೈನಿಯ ನಡುಬೆರಳು ಸೊಟ್ಟಗಾಗಿತ್ತು. ಅವಳು ಎಳೆದ ವಿಭೂತಿ, ದೇವರ ಹಣೆಯ ಮೇಲಿರಲಿ, ತಕ್ಕಡಿಯ ಮೇಲಿರಲಿ, ಯಾವಾಗಲೂ ಹಾಗೇ.

ಕೃಷ್ಣಾಜಿ ಬೀಡಿ ಹಚ್ಚಿಕೊಂಡು ನಿಧಾನವಾಗಿ ಉಳಿದದ್ದನ್ನು ಹೇಳಿದ. ಖಂಡೇನವಮಿಯ ಆಯುಧಪೂಜೆಗೆ ನಿಮ್ಮ ಮನೆಯಲ್ಲಿ ಕಬ್ಬಿಣಕ್ಕೆಲ್ಲ ಎಣ್ಣೆ ಹಚ್ಚುತ್ತಾರಂತಲ್ಲ, ಸೇಠ್‌ಜಿ ನನಗೆ ನಗುತ್ತ ಹೇಳಿದ್ದರು. ಆ ದಿನ ಅವರು ಗಾಲಿ ಬಿಚ್ಚಿ, ಡ್ರಮ್ ತೆಗೆದು, ಧೂಳು ಹೊಡೆದು ಇಡುತ್ತಾರೆ. ವೈನಿಸಾಹೇಬರು ಬಂದು ಡ್ರಮ್ಮಿನ ಒಳಗೂ ಎಣ್ಣೆ ಸವರುತ್ತಾರೆ, ತುಕ್ಕು ಹಿಡಿಯಬಾರದು ಎಂದು. ಅವರು ಒಳಗೆ ಹೋದ ಮೇಲೆ ಸೇಠ್‌ಜಿ ಪೆಟ್ರೋಲು ಹಚ್ಚಿ ಎಲ್ಲ ಒರೆಸಿ ಮುಚ್ಚುತ್ತಾರೆ. ಹತ್ತು ವರ್ಷ ಹೀಗೇ. ಅವರಿಗೆ ಯಾಕೆ ಹೇಳುವುದಿಲ್ಲ ಅಂತ ನಾನು ಕೇಳಿದೆ. ಅವಳು ಭಕ್ತಿಯಿಂದ ಹಚ್ಚುತ್ತಾಳೆ, ನಾನು ಭಕ್ತಿಯಿಂದ ಒರೆಸುತ್ತೇನೆ, ನಡುವೆ ನಿನಗೇನು ತೊಂದರೆ ಅಂದರು.

ಮಾಂತು ಗ್ಯಾರೇಜಿನ ಕಲ್ಲಿನ ಮೇಲೆ ಕೂತ. ಹೋದ ವರ್ಷದ ಖಂಡೇನವಮಿ ಎದುರಿಗೆ ಬಂದು ನಿಂತಿತು. ಗಾಲಿ ಬಿಚ್ಚಿಟ್ಟಿದ್ದರು, ವೈನಿಯ ಪೂಜೆಯೂ ಆಗಿತ್ತು. ಅಷ್ಟರಲ್ಲಿ ಅಂಗಡಿಯಿಂದ ಫೋನು: ಬೆಲ್ಲದ ಲಾರಿಗೆ ದಾರಿಯಲ್ಲಿ ಮಳೆ ಹೊಡೆದಿದೆ, ಬೇಗ ಬರ್ರಿ. ಅಣ್ಣ ಹೊರಡುವಾಗ, ಡ್ರಮ್ ಹಾಕಬ್ಯಾಡ, ನಾನೇ ಬಂದು ಹಾಕುತ್ತೇನೆ ಅಂದಿದ್ದ. ಸಂಜೆಯಾದರೂ ಬರಲಿಲ್ಲ. ದಣಿದು ಬರುತ್ತಾನೆ, ಇದೊಂದನ್ನಾದರೂ ಮಾಡಿಡೋಣ ಎಂದು ಮಾಂತುನೇ ನಾಲ್ಕೂ ಡ್ರಮ್ಮು ಹಾಕಿ, ಗಾಲಿ ಏರಿಸಿ, ಹೊರಗಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದ್ದ. ಅಣ್ಣ ಬಂದು ನೋಡಿದ. ವೈನಿ ನೀರು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಒರೆಸಿ ಹಾಕಿದೆಯಾ ಎಂದು ಅಣ್ಣ ಕೇಳಿದ. ಒರೆಸಿದೆ ಎಂದು ಮಾಂತು ಹೇಳಿದ. ಅವಳ ಮುಂದೆ ಅಣ್ಣ ಇನ್ನೊಂದು ಮಾತು ಕೇಳುವಂತಿರಲಿಲ್ಲ. ಕೈಕಾಲು ತೊಳೆದು ಊಟಕ್ಕೆ ಕೂತ.

ಮರುದಿನ ಜೇಜುರಿ. ಹೋಗುವಾಗ ಏರು ದಾರಿ, ಬ್ರೇಕಿಗೆ ಹೆಚ್ಚು ಕೆಲಸ ಬಿದ್ದಿರಲಿಲ್ಲ.

ಬೀಡಿ ಮುಗಿದ ಮೇಲೆ ಕೃಷ್ಣಾಜಿ ಕರಿಕಾದ ಲೈನರನ್ನು ಅವನ ಅಂಗೈಯಲ್ಲಿಟ್ಟ. ಇಷ್ಟು ಸುಡಬೇಕಾದರೆ ಎರಡೂ ಕಾಲು ಇಟ್ಟು ಒತ್ತಿರಬೇಕು ಎಂದ. ಒತ್ತದ ಕಾಲಿನ ಗುರುತು ಇದಲ್ಲ.

ಹತ್ತು ತಿಂಗಳು ಕೇಳಿದ್ದಕ್ಕೆ ಉತ್ತರ ಅಂಗೈಯಲ್ಲಿತ್ತು. ಹಗುರಾಗಬೇಕಿತ್ತು. ಮಾಂತು ಕಾದ. ಏನೂ ಆಗಲಿಲ್ಲ. ಹಲ್ಲು ಕೀಳಿಸಿಕೊಂಡವನು ನಾಲಿಗೆಯಿಂದ ತಡಕಿದಂತೆ ಒಳಗೆಲ್ಲ ತಡಕಿದ. ಖಾಲಿ ಜಾಗ, ನೋವೂ ಇಲ್ಲ.

ಆ ಡ್ರಮ್ಮನ್ನು ಗೋಣಿಚೀಲದಲ್ಲಿ ಸುತ್ತಿ ಮನೆಗೆ ತಂದ. ಶೈಲಾ ಎಲ್ಲ ಕೇಳಿಕೊಂಡಳು. ಸೋಲಾಪುರದ ಪಂಕ್ತಿಯನ್ನು ಅವಳು ಮರೆತಿರಲಿಲ್ಲ. ಸಿಟ್ಟಿನಿಂದಲ್ಲ, ಬೇಡಿಕೊಳ್ಳುವಂತೆ ಹೇಳಿದಳು: ಒಂದು ಸಲ ಬಾಯಿ ಬಿಡಿರಿ. ಕೂಗಿ ಹೇಳಬೇಕಾಗಿಲ್ಲ, ಅಕ್ಕಾರಿಗೆ ಒಬ್ಬರಿಗೆ ತೋರಿಸಿದರೆ ಸಾಕು. ನಾಳೆ ನಮ್ಮ ಮಕ್ಕಳನ್ನೂ ಮಂದಿ ದೊಡ್ಡಪ್ಪನನ್ನು ಕೊಂದವನ ಮಕ್ಕಳು ಅನ್ನುತ್ತಾರೆ, ಅದನ್ನೂ ನುಂಗುತ್ತೀರಾ? ಅವಳು ಹೇಳಿದ್ದು ಖರೆ. ಮಾಂತುನಿಗೂ ಹಾಗೇ ಅನಿಸಿತು. ತೋರಿಸಿಬಿಡೋಣ ಎಂದು ಚೀಲ ಎತ್ತಿಕೊಂಡು ವೈನಿಯ ಕೋಣೆಗೆ ಹೋದ.

ವೈನಿ ಗೋಡೆಗೆ ಒರಗಿ ಕೂತು ಅರಳೆಯ ಬತ್ತಿ ಹೊಸೆಯುತ್ತಿದ್ದಳು. ಹತ್ತಿರದ ಡಬ್ಬಿಯಲ್ಲಿ ಹೊಸೆದ ಬತ್ತಿ ಒಟ್ಟಿತ್ತು. ಮಾಂತು ಎದುರಿಗೆ ನೆಲದ ಮೇಲೆ ಕೂತು ಚೀಲವನ್ನು ಪಕ್ಕಕ್ಕಿಟ್ಟ. ಕಲ್ಲಿಗೆ ಕಬ್ಬಿಣ ತಾಗಿ ಸಣ್ಣಗೆ ಸದ್ದಾಯಿತು.

"ಗಾಡಿ ಬಿಚ್ಚಿದ್ರೇನು?" ಎಂದಳು.

"ಬಿಚ್ಚಿದ್ರಿ ವೈನಿ."

ಅವಳು ಇನ್ನೊಂದು ಬತ್ತಿ ಹೊಸೆದಳು. ಅವನು ಬಾಯಿ ತೆರೆಯುವ ಮೊದಲೇ ತಾನೇ ಮಾತಾಡಿದಳು.

"ಪೂಜಾದಾಗ ನಾ ಏನರ ಕಡಿಮಿ ಮಾಡಿದ್ನೇನೋ ಅಂತ ಭಾಳ ದಿನ ಹುಡುಕಿದೆ ಮಾಂತು. ಒಂದೊಂದ ಗಾಲಿ ನೆನಸಿಕೊಂಡೆ. ಎಣ್ಣಿ ಹಚ್ಚೇನಿ, ಇಬತ್ತಿ ಹಚ್ಚೇನಿ, ಒಂದೂ ಬಿಟ್ಟಿಲ್ಲ. ನನ್ನ ಕಡಿಂದ ಕಡಿಮಿ ಆಗಿಲ್ಲ. ಅಷ್ಟ ಒಂದರ ಮ್ಯಾಲ ನಾ ಇನ್ನೂ ಎದ್ದು ಓಡ್ಯಾಡ್ಲಿಕ್ಹತ್ತೇನಿ."

ಮಾಂತುನ ಕೈ ಚೀಲದ ಬಾಯಿಯ ಮೇಲೇ ಇತ್ತು. ಹೊರಗೆ ಯಾರೋ ತಳ್ಳುಗಾಡಿಯಲ್ಲಿ ಬಾಳೆಹಣ್ಣು ಕೂಗುತ್ತ ಹೋದರು.

"ನಿನಗ ಒಂದು ಕೇಳ್ಲಾ?" ವೈನಿ ತಲೆ ಎತ್ತದೆಯೇ ಅಂದಳು. "ನೀ ಒತ್ತಿದ್ಯಲ್ಲ?"

ಹತ್ತು ತಿಂಗಳಲ್ಲಿ ಅವಳು ಒಮ್ಮೆಯೂ ಕೇಳಿರಲಿಲ್ಲ.

"ಒತ್ತಿದ್ದೆರಿ."

"ಹಾಂ. ಹಂಗಾದ್ರ ಆತು." ಬತ್ತಿಯನ್ನು ಡಬ್ಬಿಗೆ ಹಾಕಿದಳು. "ಆ ಚೀಲದಾಗ ಏನದ?"

"ಹಳೀ ಸಾಮಾನ್ರಿ. ಗುಜರಿಗೆ ಹಾಕೂದು."

ಅವನು ಚೀಲ ಎತ್ತಿಕೊಂಡು ಹೊರಬಂದ. ಶೈಲಾ ಪಡಸಾಲೆಯಲ್ಲಿ ನಿಂತಿದ್ದಳು, ಮುಖ ನೋಡಿಯೇ ಅವಳಿಗೆ ತಿಳಿಯಿತು. ಮೂರು ದಿನ ಅವನ ಜೊತೆ ಮಾತೂ ಆಡಲಿಲ್ಲ. ಮರುದಿನ ಮಾಂತು ಡ್ರಮ್ಮನ್ನು ಗುಜರಿಯವನ ತಕ್ಕಡಿಗೆ ಹಾಕಿದ. ಅದಕ್ಕೂ ಮೊದಲು ತೋರುಬೆರಳಿನಿಂದ ಆ ಅರ್ಧ ಗೆರೆಯನ್ನು ಒರೆಸಿದ, ಇನ್ನೊಬ್ಬರ ಕಣ್ಣಿಗೆ ಬೀಳುವುದು ಬೇಡವೆಂದು.

ಭಾದ್ರಪದ ಪೂರಾ ಗ್ಯಾರೇಜಿನಲ್ಲಿ ಕೆಲಸ ನಡೆಯಿತು. ಬಡಿದು ನೆಟ್ಟಗೆ ಮಾಡಿದ ಬಲಬಾಗಿಲಿಗೆ ಬಣ್ಣ ಹೊಡೆದರು. ಡಿಸ್ಕ್ ಬಂದಾಗ ಹಳೆಯ ಗಾಲಿಗಳು ಅದರ ಮೇಲೆ ಕೂಡಲಿಲ್ಲ. ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಅಡ್ಡ ಬರುತ್ತಿತ್ತು, ಒಂದು ಇಂಚು ದೊಡ್ಡ ಗಾಲಿ ಹುಡುಕಬೇಕಾಯಿತು. ಲೇಥಿನವನು ಕಡೆದ ಪಟ್ಟಿ ಕೂದಲೆಳೆಯಷ್ಟು ದಪ್ಪವಾಗಿ ಬಂತು, ಕೃಷ್ಣಾಜಿ ಅವನ ವಂಶವನ್ನೆಲ್ಲ ನೆನೆಸಿ ತಿರುಗಿ ಕಡೆಸಿದ. ಮಾಂತು ದಿನಾ ಅಂಗಡಿ ಮುಚ್ಚಿ ಅಲ್ಲಿಗೆ ಹೋಗಿ ಸ್ಟೂಲಿನ ಮೇಲೆ ಕೂಡುತ್ತಿದ್ದ, ದೇವಸ್ಥಾನದಲ್ಲಿ ಪುರಾಣ ಕೇಳುವವರು ಕೂಡುವಂತೆ. ಕಿವಿ ಅಲ್ಲಿರುತ್ತಿತ್ತು, ಮನಸ್ಸು ಎಲ್ಲೂ ಇರುತ್ತಿರಲಿಲ್ಲ.

ಎಲ್ಲ ಜೋಡಿಸಿದ ಮೇಲೆ ನಳಿಗೆಯಲ್ಲಿ ಸಿಕ್ಕ ಗಾಳಿಯನ್ನು ಹೊರಗೆ ಹಾಕಬೇಕು. ಅದಕ್ಕೆ ಇಬ್ಬರು ಬೇಕು, ಒಬ್ಬ ಪೆಡಲ್ ಒತ್ತಲಿಕ್ಕೆ, ಒಬ್ಬ ಗಾಲಿಯ ಹತ್ತಿರ ಕೂತು ನಿಪ್ಪಲ್ ಬಿಚ್ಚಿ ಕಟ್ಟಲಿಕ್ಕೆ. ಕೃಷ್ಣಾಜಿ ಮಾಂತುನನ್ನೇ ಚಕ್ರದ ಮುಂದೆ ಕೂಡಿಸಿದ. ಆ ಜಾಗದಲ್ಲಿ ಅವನು ಕೂತದ್ದು ಅಂದಿನಿಂದ ಅದೇ ಮೊದಲು.

"ದಾಬಾ," ಎಂದ ಕೃಷ್ಣಾಜಿ ಕೆಳಗಿನಿಂದ. ಮಾಂತು ಒತ್ತಿದ. ಪೆಡಲ್ ಹತ್ತಿಯ ಮೂಟೆಯಂತೆ ತಳದವರೆಗೆ ಹೋಯಿತು.

"ಧರಾ." ಹಿಡಿದ. ನಿಪ್ಪಲಿನಿಂದ ಎಣ್ಣೆಯ ಜೊತೆ ಗಾಳಿ ಬುಳುಬುಳು ಬಂತು.

"ಸೋಡಾ." ಬಿಟ್ಟ.

ಒತ್ತು, ಹಿಡಿ, ಬಿಡು. ಹಿಂದಿನ ಬಲಗಾಲಿಯಿಂದ ಶುರುವಾಗಿ ಒಂದೊಂದೇ ಗಾಲಿಗೆ ಇಪ್ಪತ್ತು ಸಲ, ಮೂವತ್ತು ಸಲ. ನಾಲ್ಕನೆಯ ಗಾಲಿಗೆ ಬರುವಷ್ಟರಲ್ಲಿ ಪೆಡಲ್ ಮೇಲಕ್ಕೆ ಬಂದು ಕಲ್ಲಿನಂತಾಗಿತ್ತು. ಮಾಂತುನ ತೊಡೆ ನೋಯುತ್ತಿತ್ತು. ನೋಯುತ್ತಿದೆ ಎಂದು ಅವನಿಗೆ ಗೊತ್ತಾಗಿ ಅವನೇ ಅದನ್ನು ಮುಟ್ಟಿ ನೋಡಿಕೊಂಡ.

ಗಾಡಿ ಕೊಡುವಾಗ ಕೃಷ್ಣಾಜಿ ಒಂದು ಮಾತು ಹೇಳಿದ. ಡ್ರಮ್ಮಿಗೆ ಮುಚ್ಚಳ ಇತ್ತು, ಬಿಚ್ಚದೆ ಎಣ್ಣೆ ತಾಗುತ್ತಿರಲಿಲ್ಲ. ಇದು ಬತ್ತಲೆ ಇದೆ, ಗಾಲಿಯ ಸಂದಿಯಿಂದಲೇ ಕಾಣುತ್ತದೆ. ಖಂಡೇನವಮಿಗೆ ಏನು ಮಾಡುತ್ತೀರೋ ನೋಡಿಕೊಳ್ಳಿರಿ. ವೈನಿಗೆ ಬೇಡ ಎಂದು ಹೇಳಿದರೆ ಸಾಕಲ್ಲ ಎಂದು ಮಾಂತು ಮೊದಲು ಅಂದುಕೊಂಡ. ಬೇಡ ಅಂದರೆ ಯಾಕೆ ಅನ್ನುತ್ತಾಳೆ. ಎಣ್ಣೆ ಬಿದ್ದರೆ ಬ್ರೇಕು ಹಿಡಿಯುವುದಿಲ್ಲ ಅನ್ನಬೇಕಾಗುತ್ತದೆ. ಅದಾದ ಮೇಲೆ ಅವಳಿಗೆ ಬೇರೆ ಯಾರೂ ಏನೂ ಹೇಳಬೇಕಾಗಿಲ್ಲ. ಗಾಲಿ ಗಾಲಿ ನೆನೆಸಿಕೊಂಡವಳು ಅವಳು.

ಖಂಡೇನವಮಿಯ ಬೆಳಿಗ್ಗೆ ಮಾಂತು ಬೇಗ ಎದ್ದು ಗಾಡಿಗೆ ಜಾಕ್ ಹಚ್ಚಿದ. ಅಣ್ಣ ಮಾಡುತ್ತಿದ್ದಂತೆ ಕಟ್ಟಿಗೆಯ ದಿಮ್ಮಿ ಕೊಟ್ಟು, ನಾಲ್ಕೂ ಗಾಲಿ ಬಿಚ್ಚಿ, ಹಿಂದಿನ ಡ್ರಮ್ ತೆಗೆದು ಹಾಸುಗಲ್ಲಿನ ಮೇಲೆ ಅಂಗಾತ ಇಟ್ಟ. ಡಿಸ್ಕಿಗೆ ಒತ್ತುವ ಪ್ಯಾಡುಗಳನ್ನು, ಎಣ್ಣೆ ತಾಗಬಾರದೆಂದು, ಕ್ಯಾಲಿಪರಿನಿಂದ ಮೊದಲೇ ಕಳಚಿ ಪೇಪರಿನಲ್ಲಿ ಸುತ್ತಿ ಅಡುಗೆಮನೆಯ ಮಾಡದಲ್ಲಿ ಇಟ್ಟಿದ್ದ. ಒಳಗೆ ತಕ್ಕಡಿ, ಕಲ್ಲು, ಚೀಲದ ಕೊಕ್ಕೆ, ಈಳಿಗೆ ಎಲ್ಲಕ್ಕೂ ಪೂಜೆ ಆಗಿತ್ತು. ಈ ವರ್ಷ ಅಕ್ಕಾರು ಮಾಡುತ್ತಾರೋ ಇಲ್ಲವೋ ಎಂದು ಓಣಿಯ ಹೆಂಗಸೊಬ್ಬಳು ಮಾತು ತೆಗೆದಾಗ, ನಮ್ಮಲ್ಲಿ ಸೂತಕ ಇಲ್ಲ ಎಂದು ವೈನಿ ಹೇಳಿ ಮುಗಿಸಿದ್ದಳು.

"ಬರ್ರಿ ವೈನಿ," ಎಂದು ಮಾಂತು ಕರೆದ.

ಅವಳು ಔಡಲ ಎಣ್ಣೆಯ ಬಟ್ಟಲು ಹಿಡಿದು ಬಂದು ಡಿಸ್ಕಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಹೊಸ ಉಕ್ಕು ಬಿಸಿಲಿಗೆ ಹೊಳೆಯುತ್ತಿತ್ತು. ಇದು ಕನ್ನಡಿ ಆಗಿದೆಯಲ್ಲೋ, ಮುಖ ಕಾಣುತ್ತದೆ ಎಂದಳು. ಬೆರಳು ಬಟ್ಟಲಿಗೆ ಅದ್ದಿದವಳು ಹಚ್ಚದೆ ತಡೆದು ಅವನ ಕಡೆ ನೋಡಿದಳು.

"ಹಚ್ಚಿದ್ರ ನಡೀತದ?"

"ನಡೀತದ್ರಿ. ಹಚ್ಚರಿ."

ಹಚ್ಚಿದಳು. ಮಗುವಿಗೆ ಎರೆಯುವ ಮುಂದೆ ಹಚ್ಚುವಂತೆ, ಅಂಚು ಬಿಡದೆ, ಹಿಂದೆ ಮುಂದೆ, ಸಾವಕಾಶ. ನಡುವಿನ ಸಪಾಟು ಜಾಗದಲ್ಲಿ ಮೂರು ಬೆರಳಿನ ವಿಭೂತಿ ಎಳೆದಳು. ಊದುಬತ್ತಿ ಬೆಳಗಿದಳು. ಆ ಕಡೆಯ ಡಿಸ್ಕಿಗೂ ಹಾಗೇ, ಹಿಂದಿನ ಎರಡು ಡ್ರಮ್ಮಿಗೂ ಹಾಗೇ. ಬಟ್ಟಲಲ್ಲಿ ಉಳಿದ ಎಣ್ಣೆಯನ್ನು ದೀಪಕ್ಕೆ ಹಾಕುತ್ತೇನೆ ಎಂದು ಮೊಣಕಾಲು ಹಿಡಿದುಕೊಂಡು ಎದ್ದು ಒಳಗೆ ಹೋದಳು.

ಮಾಂತು ಹಿಂತಿರುಗಿ ನೋಡಿದರೆ ಹೊಸ್ತಿಲ ಪಕ್ಕ ಪೆಟ್ರೋಲಿನ ಬಾಟಲಿ ಇತ್ತು. ಅದರ ಪಕ್ಕ ಹಳೆಯ ಧೋತರವೊಂದನ್ನು ಹರಿದು ಮಡಿಚಿ ಇಟ್ಟ ಅರಿವೆಯ ತುಂಡುಗಳು. ಶೈಲಾ ಇಟ್ಟು ಹೋಗಿದ್ದಳು. ಧೋತರದ ಅಂಚು ಅಣ್ಣನದು.

ಅವನು ಒರೆಸಲಿಕ್ಕೆ ಕೂತ. ಪ್ಯಾಡು ಹಿಡಿಯುವ ಉಂಗುರದಷ್ಟು ಜಾಗವನ್ನು ಪೆಟ್ರೋಲಿನಿಂದ ಒಮ್ಮೆ, ಎರಡು ಸಲ, ಐದು ಸಲ, ಅರಿವೆ ಬೆಳ್ಳಗೆ ಬರುವವರೆಗೆ. ಆಮೇಲೆ ಸಾಬೂನಿನ ನೀರು, ಆಮೇಲೆ ಮತ್ತೆ ಪೆಟ್ರೋಲು. ನಡುವಿನ ವಿಭೂತಿಗೆ ಕೈ ಹಚ್ಚಲಿಲ್ಲ. ಅಲ್ಲಿಗೆ ಪ್ಯಾಡು ಬರುವುದಿಲ್ಲ, ಗಾಲಿ ಕೂತರೆ ಯಾರಿಗೂ ಕಾಣುವುದೂ ಇಲ್ಲ. ನಡುಗೆರೆ ಅರ್ಧಕ್ಕೆ ನಿಂತದ್ದು ಹಾಗೇ ನಿಂತಿತು. ಹಿಂದಿನ ಡ್ರಮ್ಮುಗಳನ್ನೂ ಒರೆಸಿ, ಬೆರಳು ಆಡಿಸಿ, ಬೆರಳನ್ನು ಮೂಸಿ ನೋಡಿ ಮುಚ್ಚಿದ. ಹತ್ತು ವರ್ಷ ಅಣ್ಣ ಒಬ್ಬನೇ ಕೂತು ಮಾಡಿದ ಕೆಲಸ ಇದು. ಆಗೆಲ್ಲ ಮಾಂತು ಒಳಗೆ ಕೂತು ಕಡಬು ತಿನ್ನುತ್ತಿದ್ದ.

ಪ್ಯಾಡು ಕೂಡಿಸಿ, ಗಾಲಿ ಏರಿಸಿ, ಗಾಡಿ ಶುರು ಮಾಡಿದ. ಓಣಿಯ ಕಿಟಕಿಗಳು ನಡುಗಿದವು. ಯಾರ್ಡಿನ ಹೂವಿನ ಕಡೆ ಚೆಂಡು ಹೂವಿನ ಜಾತ್ರೆಯೇ ನೆರೆದಿತ್ತು. ಬೆಲ್ಲದ ಅಂಗಡಿಗಳ ಸಾಲು ಮಾತ್ರ ರಜೆಯಿಂದ ಖಾಲಿ ಬಿದ್ದಿತ್ತು. ಆ ಉದ್ದನೆಯ ಡಾಂಬರಿನ ಮೇಲೆ ಮಾಂತು ಮುಳ್ಳನ್ನು ನಲವತ್ತಕ್ಕೆ ಏರಿಸಿ ಬಲಗಾಲು ಊರಿದ. ಗಾಡಿ ಮೂಗು ತಗ್ಗಿಸಿ ನಿಂತಿತು. ಅವನ ಮೈ ಮುಂದಕ್ಕೆ ಹೋಗಿ ಹಿಂದಕ್ಕೆ ಬಂತು. ಇನ್ನೊಮ್ಮೆ ಓಡಿಸಿದ, ನಿಂತಿತು. ಎಂಟು ಸಲ ಓಡಿಸಿದ, ಎಂಟು ಸಲವೂ ನಿಂತಿತು. ಎಂಟನೆಯ ಸಲ ಪೆಡಲಿನಿಂದ ಕಾಲು ತೆಗೆದಾಗ ಕಾಲು ತನ್ನಷ್ಟಕ್ಕೆ ನಡುಗತೊಡಗಿತು. ಅವನು ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡು, ನಡುಕ ನಿಲ್ಲುವವರೆಗೆ, ತನ್ನ ಅಂಗಡಿಯ ಮುಚ್ಚಿದ ಬಾಗಿಲನ್ನು ನೋಡುತ್ತ ಕೂತ.

ಮನೆಗೆ ತಿರುಗಿ ಬಂದಾಗ ವೈನಿ ಗೇಟಿನ ಹತ್ತಿರ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದಳು. ಬಲಗಡೆಯ ಬಾಗಿಲನ್ನು ತಾನೇ ತೆಗೆದು, ಅಣ್ಣ ಕೂತಿದ್ದ ಜಾಗದಲ್ಲಿ ಕೂತಳು. ಬಾಗಿಲು ಎಳೆದುಕೊಂಡಳು. ಪೆಟ್ರೋಲಿನ ವಾಸನೆ ಅವನ ಕೈಯಿಂದ ಇನ್ನೂ ಬರುತ್ತಿತ್ತು. ಅವಳು ಮೂಗು ಸ್ವಲ್ಪ ಎತ್ತಿದಳು.

"ನಿಮ್ಮಣ್ಣನ ಕೈಯೂ ಈ ದಿನ ಹಿಂಗ ನಾರತಿತ್ತು," ಅಂದಳು.

ಮಾಂತು ಎರಡೂ ಕೈ ಚಕ್ರದ ಮೇಲಿಟ್ಟ.

"ನಿಂದರತದ?"

"ನಿಂದರತದ್ರಿ ವೈನಿ."

"ನಡಿ ಹಂಗಾದ್ರ," ಎಂದು ಅವಳು ಮುಂದಿನ ದಾರಿ ನೋಡಿದಳು. ಮಾಂತು ಬ್ರೇಕಿನಿಂದ ಕಾಲು ತೆಗೆದ.